ಭಾವನ ಟೈಂಟೇಬಲ್ಲು, ಅಕ್ಕನ ಬಿಲ್ವಪತ್ರೆ

ಶೆಟ್ಟಿಹಳ್ಳಿ

ನಮ್ಮ ಶ್ರೀಲಂಕಾ ಪ್ರವಾಸ ಶುರುವಾದದ್ದು ಹಾಸನದ ಪಕ್ಕದ ಶೆಟ್ಟಿಹಳ್ಳಿಯಲ್ಲಿ. ಹೇಮಾವತಿ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿರುವ ಚರ್ಚಿನ ಎದುರು ನಾನು ಕಾರು ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿದ್ದ ನಂಜುಂಡಪ್ಪ ಭಾವ ಕೈಗಡಿಯಾರ ನೋಡಿ, ತೊಡೆಯ ಮೇಲಿನ ರೈಟಿಂಗ್ ಪ್ಯಾಡಿನಲ್ಲಿ ಏನೋ ಗೀಚಿ, "ಇಳೀರಿ. ಇಪ್ಪತ್ತು ನಿಮಿಷ ನಿಲುಗಡೆ" ಎಂದರು. ಹಿಂದಿನ ಸೀಟಿನಲ್ಲಿದ್ದ ಗೌರಕ್ಕ ಸೆರಗು, ಚಪ್ಪಲಿ, ಕೈಚೀಲ ಎಲ್ಲ ಸರಿಮಾಡಿಕೊಂಡು ಇಳಿಯುವಷ್ಟರಲ್ಲಿ ನಾಲ್ಕು ನಿಮಿಷ ಆಯಿತು. ಭಾವ ಅದನ್ನೂ ಬರೆದುಕೊಂಡರು.

ಇದಕ್ಕೆ ಅವರು ಇಟ್ಟ ಹೆಸರು ಟ್ರಯಲ್ ರನ್. ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಐದು ದಿನ ಕಾರಿನಲ್ಲಿ ಸುತ್ತುವುದೆಂದು ತೀರ್ಮಾನವಾಗಿತ್ತು. ಹೊರಡುವ ಮುಂಚೆ ಅಕ್ಕ ಕಾರು ಹತ್ತಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು, ನೀರು ಕಂಡರೆ ಎಷ್ಟು ಹೊತ್ತು ನಿಂತು ನೋಡುತ್ತಾಳೆ ಎಂಬುದೆಲ್ಲ ಗೊತ್ತಾಗಬೇಕು ಎಂಬುದು ಭಾವನ ವಾದ. ಸಮುದ್ರದ ಬದಲಿಗೆ ಸದ್ಯಕ್ಕೆ ಹಿನ್ನೀರು ಸಾಕೆಂದು ಅವರೇ ಆರಿಸಿದ್ದರು.

ಭಾವ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ಹೊರಡುವ ಬಸ್ಸಿನ ಹೆಸರನ್ನು ಮೈಕಿನಲ್ಲಿ ಕೂಗುವುದು ಅವರ ಕೆಲಸ. ನಿವೃತ್ತರಾಗಿ ಎರಡು ವರ್ಷವಾದರೂ ಮನೆಯಲ್ಲಿ ಮೈಕಿನ ದನಿ ಹೋಗಿಲ್ಲ. "ಗೌರಮ್ಮನವರು ಎಲ್ಲಿದ್ದರೂ ಕಾಫಿ ಲೋಟದೊಂದಿಗೆ ಕೂಡಲೇ ಪಡಸಾಲೆಗೆ ಬರತಕ್ಕದ್ದು" ಎಂದು ಕೂಗುತ್ತಾರೆ. ಅಕ್ಕ ಅಡುಗೆಮನೆಯಿಂದಲೇ "ಗಾಡಿ ಲೇಟು" ಎನ್ನುತ್ತಾಳೆ.

ಇಷ್ಟು ಜನರನ್ನು ಊರೂರಿಗೆ ಕಳಿಸಿದ ಮನುಷ್ಯ ತಾನು ಮಾತ್ರ ಎಲ್ಲಿಗೂ ಹೋದವರಲ್ಲ. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಸಮುದ್ರ ತೋರಿಸುತ್ತೇನೆ ಎಂದಿದ್ದರಂತೆ. ಆ ಮಾತಿಗೆ ಈಗ ನಲವತ್ತೊಂದು ವರ್ಷ. ಮಂಗಳೂರು ಇಲ್ಲೇ ಇದೆಯಲ್ಲ, ಲಂಕೆಗೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಭಾವ ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು.

"ಮಂಗ್ಳೂರು ಅಂದ್ರೆ ನನ್ ಕಣ್ಣಿಗೆ ಸಮುದ್ರ ಬರಲ್ಲ ಕಣ್ಲಾ, ಬಸ್ಸಿನ ಬೋರ್ಡು ಬತ್ತದೆ. ನಾನು ಮೈಕ್‌ನಾಗೆ ಕೂಗದೇ ಇರೋ ಊರಿಗೆ ಓಗ್ಬೇಕು."

ನಾನು ಅಕ್ಕನ ಒಬ್ಬನೇ ತಮ್ಮ ಮಲ್ಲೇಶ. ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕೊಯಮತ್ತೂರಿನ ಮೋಟಾರು ವ್ಯಾಪಾರಿಗಳ ಜೊತೆ ಜಗಳವಾಡಿ ಕಲಿತ ತಮಿಳು ಲಂಕೆಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಭಾವ ನನ್ನನ್ನೂ ಎಳೆದುಕೊಂಡರು. ನನ್ನ ಹೆಂಡತಿಯನ್ನೂ ಕರೆದರು. ಐದು ದಿನ ಈ ಗಂಡಹೆಂಡಿರ ನಡುವೆ ಕೂರುವುದಕ್ಕಿಂತ ಅಂಗಡಿ ನೋಡಿಕೊಳ್ಳುವುದೇ ವಾಸಿ ಎಂದು ಅವಳು ತಪ್ಪಿಸಿಕೊಂಡಳು.

ಶೆಟ್ಟಿಹಳ್ಳಿಯ ನೀರಿನ ಮುಂದೆ ನಿಂತು ಅಕ್ಕ ಕೇಳಿದಳು, "ಸಮುದ್ರ ಇದಕ್ಕಿಂತ ದೊಡ್ಡದೇನೋ ಮಲ್ಲೇಶ?"

"ಬೇಜಾನ್ ದೊಡ್ಡದು ಕಣಕ್ಕ."

"ಆಚೆ ದಡ ಕಾಣಲ್ವಾ?"

"ಕಾಣಲ್ಲ."

"ಅಂಗಾದ್ರೆ ಅಲ್ಲಿ ನೋಡದೇನು?"

ಭಾವ ಕಾರಿನ ಬಾಗಿಲು ತೆಗೆದು ಹಿಡಿದುಕೊಂಡು, ಹತ್ತೊಂಬತ್ತು ನಿಮಿಷವಾಯಿತೆಂದು ಕೂಗಿದರು.

ಹೊಳೆನರಸೀಪುರ

ಅಕ್ಕನ ಮನೆಯ ಪಡಸಾಲೆಯ ಗೋಡೆಗೆ ಲಂಕೆಯ ನಕ್ಷೆ ಬಂತು. ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಿಂದ ಹೊರಟು ಕಡಲಂಚಿನಲ್ಲೇ ಇಳಿಯುತ್ತಾ ದ್ವೀಪದ ದಕ್ಷಿಣದ ತುದಿಯ ದೀಪಸ್ತಂಭ ಮುಟ್ಟಿ ವಾಪಸ್ಸಾಗುವುದು ಯೋಜನೆ. ಪಕ್ಕದಲ್ಲೇ ಭಾವ ಬರೆದ ಟೈಂಟೇಬಲ್ಲು, ಅದರಲ್ಲಿ ಪ್ರತಿ ಊರಿನ ಮುಂದೆ ಎರಡು ಅಂಕಣ, ಬರುವ ಸಮಯ ಮತ್ತು ಬಿಡುವ ಸಮಯ. ಸೂರ್ಯಾಸ್ತಕ್ಕೆ ಹನ್ನೆರಡು ನಿಮಿಷ ಹಾಕಿದ್ದರು. ಮೋಡವಿದ್ದರೆ ಐದು ಸಾಕು ಎಂದು ಕೆಳಗೆ ಷರಾ ಬೇರೆ.

ಎಲ್ಲ ಸರಿಯಿತ್ತು, ಅಕ್ಕನ ಪೂಜೆಯೊಂದು ಬಿಟ್ಟು. ನಮ್ಮವರಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಊಟ ಮಾಡುವ ಪದ್ಧತಿ. ನಾನು ಅದರಲ್ಲಿ ಸೋಮಾರಿ. ಅಕ್ಕ ಹಾಗಲ್ಲ. ಅವಳ ಅತ್ತೆ, ಸೊಸೆ ಮನೆ ತುಂಬಿದ ದಿನವೇ ಹಿತ್ತಲಿನ ಬಿಲ್ವದ ಮರ ತೋರಿಸಿ, ಲಿಂಗಕ್ಕೆ ಪತ್ರೆ ಏರಿಸದೆ ತುತ್ತು ಎತ್ತಬೇಡ ಎಂದಿದ್ದರು. ಅತ್ತೆ ಹೋಗಿ ಎಷ್ಟೋ ವರ್ಷವಾಗಿದೆ. ಅಕ್ಕ ಆ ಮಾತನ್ನು ಒಂದು ದಿನವೂ ಮೀರಿಲ್ಲ. ಇಷ್ಟು ವರ್ಷ ಎಲ್ಲಿಗೆ ಕರೆದರೂ "ಅಲ್ಲಿ ಪತ್ರೆ ಸಿಗ್ತದಾ?" ಎಂದು ಕೇಳಿ ಮನೆಯಲ್ಲೇ ಉಳಿದವಳು. ಈ ಸಲ ಪತ್ರೆಯನ್ನೇ ಕಟ್ಟಿಕೊಂಡು ಹೋಗೋಣ ಎಂದು ಭಾವ ಒಪ್ಪಿಸಿದ್ದರು.

"ಪೂಜೆಗೆ ಎಷ್ಟು ನಿಮಿಷ ಹಾಕ್ಲಿ?" ಎಂದು ಭಾವ ಪೆನ್ನು ಹಿಡಿದು ಕೇಳಿದರು.

"ಆಕದೇನು ಬಂತು? ಮುಗಿಯೋಗಂಟ."

"ಅಂದಾಜು ಯೋಳೇ. ಹತ್ತು ನಿಮಿಷ?"

ಅಕ್ಕ ನಕ್ಕುಬಿಟ್ಟಳು. "ನಲವತ್ತೊಂದು ವರ್ಷ ಒಂದೇ ಮನೇಲವ್ರೆ, ಒಂದಿನನಾದ್ರೂ ನಾನು ಪೂಜೆಗೆ ಕುಂತಿದ್ದ ನೋಡವ್ರಾ ಕೇಳು ನಿಮ್ ಭಾವನ್ನ."

ನೋಡಿರಲಿಲ್ಲ. ಬೆಳಿಗ್ಗೆ ಐದಕ್ಕೆ ಅವರು ಡ್ಯೂಟಿಗೆ ಹೊರಡುತ್ತಿದ್ದರು, ಅಕ್ಕ ಪೂಜೆಗೆ ಕೂರುತ್ತಿದ್ದದ್ದು ಏಳಕ್ಕೆ. ನಿವೃತ್ತಿಯಾದ ಮೇಲೆ ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ಕಡೆ ವಾಕಿಂಗ್ ಹೋಗುವ ಅಭ್ಯಾಸ. ಭಾವ ಹದಿನೈದು ಎಂದು ಬರೆದರು.

ಹೊರಡುವ ಹಿಂದಿನ ದಿನ ಅಕ್ಕನ ಮಗಳು ಸುಧಾ ಫೋನ್ ಮಾಡಿದಳು. ಹಾಸನದಲ್ಲಿ ನರ್ಸ್ ಆಗಿದ್ದಾಳೆ. "ಮಾವ, ಅಮ್ಮ ಆರು ಗಂಟೆಗೆ ಸಕ್ಕರೆ ಮಾತ್ರೆ ನುಂಗ್ತಾಳೆ. ಆಮೇಲೆ ಎರಡೂವರೆ ಗಂಟೆ ಒಳಗೆ ತಿನ್ಲೇಬೇಕು. ತಿನ್ನದಿದ್ರೆ ಕೈ ನಡುಗ್ತದೆ, ಬೆವರ್ತಾಳೆ, ಬಿದ್ದೂ ಬಿಡಬೌದು. ಪೂಜೆ ಆಗದೆ ಅವಳು ತಿನ್ನಲ್ಲ. ಪತ್ರೆ ನಿನ್ ಜವಾಬ್ದಾರಿ." ಇಷ್ಟು ವರ್ಷ ಒಂದು ಮೋಟಾರಿನ ಕಾಯಿಲನ್ನೂ ಕಳೆದುಕೊಳ್ಳದ ನನಗೆ ಎಲೆ ಕಾಯುವುದು ಏನು ಮಹಾ ಎನಿಸಿತು.

ನೆಗೊಂಬೊ

ವಿಮಾನದಿಂದಿಳಿದು ಹೊರಗೆ ಬಂದರೆ ನಿಮಲ್ ಎಂಬ ಡ್ರೈವರ್ ವ್ಯಾನು ತಂದು ನಿಂತಿದ್ದ. ನಲವತ್ತರ ಆಸುಪಾಸು, ಸಿಂಹಳದವನು, ನನ್ನಷ್ಟೇ ಕೆಟ್ಟ ತಮಿಳು ಮಾತಾಡುತ್ತಿದ್ದ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಭಾವ ಅವನ ಕೈಗೆ ಟೈಂಟೇಬಲ್ಲಿನ ಒಂದು ಪ್ರತಿ ಕೊಟ್ಟರು. ಅವನು ಅದನ್ನು ಗೌರವದಿಂದ ಕಣ್ಣಿಗೊತ್ತಿಕೊಂಡು ಕನ್ನಡಿಯ ಹಿಂದೆ ಸಿಕ್ಕಿಸಿದ. ಮತ್ತೆ ಅದನ್ನು ತೆಗೆದು ನೋಡಿದ್ದನ್ನು ನಾನು ಕಾಣಲಿಲ್ಲ.

ಸಂಜೆ ಅಕ್ಕ ಸಮುದ್ರ ನೋಡಿದಳು. ಭಾವ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ನಲವತ್ತೊಂದು ವರ್ಷದ ಮಾತು ಇವತ್ತು ತೀರಿತಲ್ಲ ಎಂದು ಅವಳ ಬಾಯಿಂದ ಏನಾದರೂ ಬರಲಿ ಎಂದು ಕಾಯುತ್ತಿದ್ದರು.

"ಇದು ಒಂದ್ಗಳಿಗೇನೂ ಸುಮ್ಕೆ ಕೂರಲ್ವಾ?" ಎಂದಳು ಕೊನೆಗೆ.

"ಇಲ್ಲಕ್ಕ."

"ಥೇಟ್ ನಿಮ್ ಭಾವನಂಗೆ."

ಭಾವನಿಗೆ ಇದರಿಂದ ಸಂತೋಷವಾಯಿತೋ ಬೇಜಾರಾಯಿತೋ ತಿಳಿಯಲಿಲ್ಲ. ಆದರೆ ಹನ್ನೆರಡು ನಿಮಿಷಕ್ಕೆ ಸರಿಯಾಗಿ ವಾಪಸ್ ಹೊರಡಿಸಿದರು.

ಊಟದ ವಿಷಯದಲ್ಲಿ ಅಕ್ಕ ಯಾರನ್ನೂ ನಂಬಲಿಲ್ಲ. ಇಲ್ಲಿ ಚಟ್ನಿಯೊಳಗೂ ಮೀನಿನ ಪುಡಿ ಬೀಳುತ್ತದೆಂದು ಯಾರೋ ಹೇಳಿಬಿಟ್ಟಿದ್ದರು. ಮೀನು ಬೇಯಿಸಿದ ಒಲೆಯ ಮೇಲಿನದು ಯಾವುದೂ ತನಗೆ ಬೇಡವೆಂದು, ತಂದಿದ್ದ ಹುರಿಹಿಟ್ಟಿಗೆ ಬೆಲ್ಲ ಕಲಸಿ, ಬಾಳೆಹಣ್ಣಿನ ಜೊತೆ ತಿನ್ನುತ್ತಿದ್ದಳು. ನನಗೂ ಭಾವನಿಗೂ ಬೆಳಿಗ್ಗೆ ಬಿಳಿ ಒತ್ತುಶ್ಯಾವಿಗೆ, ಅದರ ಮೇಲೆ ಹಳದಿ ಬಣ್ಣದ ಕಾಯಿಹಾಲಿನ ಸಾರು ಬಂತು. ನಮ್ಮಲ್ಲಿ ಶ್ಯಾವಿಗೆ ಒತ್ತುವ ದಿನ ಮನೆಮಂದಿಯೆಲ್ಲ ಒರಳಿನ ಸುತ್ತ ನಿಂತು ಬೈದಾಡಿಕೊಳ್ಳಬೇಕು. ಇವರು ದಿನಾ ಬೆಳಿಗ್ಗೆ ಸದ್ದಿಲ್ಲದೆ ಮಾಡುತ್ತಾರೆ. ಅಕ್ಕ ನನ್ನ ತಟ್ಟೆಯನ್ನು ದೂರದಿಂದ ನೋಡಿ, "ಎಳೆ ಚೆನ್ನಾಗ್ ಬಂದದೆ" ಎಂದು ಸರ್ಟಿಫಿಕೇಟ್ ಕೊಟ್ಟಳು, ತಿನ್ನಲಿಲ್ಲ.

ಕಲುತರ

ಮಾರನೆಯ ದಿನ ಕೊಲಂಬೊ ದಾಟಿ ಕಲುತರ ಎಂಬ ಊರಿನ ಸೇತುವೆಯ ಹತ್ತಿರ ನಿಮಲ್ ಇದ್ದಕ್ಕಿದ್ದಂತೆ ವ್ಯಾನು ನಿಲ್ಲಿಸಿ ಇಳಿದ. ರಸ್ತೆಯ ಪಕ್ಕ ದೊಡ್ಡ ಅರಳಿಮರ, ಅದರ ಬುಡದಲ್ಲಿ ಹುಂಡಿ. ಲಾರಿ, ಬಸ್ಸು, ಆಟೋ ಎಲ್ಲ ನಿಂತು ಡ್ರೈವರುಗಳು ಒಂದೊಂದು ನಾಣ್ಯ ಹಾಕಿ ಕೈಮುಗಿದು ಓಡಿ ಬಂದು ಗಾಡಿ ಹತ್ತುತ್ತಿದ್ದರು. ದಾರಿ ಸುಖವಾಗಿರಲಿ ಎಂದು ಹಾಕುವುದಂತೆ.

"ಇದು ನಮ್ ಲಿಸ್ಟಲ್ಲಿ ಇಲ್ಲ" ಎಂದರು ಭಾವ, ಪ್ಯಾಡು ತಿರುವುತ್ತಾ.

"ಕೋರಿಕೆ ನಿಲುಗಡೆ ಅಂತ ಬರ್ಕಳಿ ಭಾವ" ಎಂದೆ.

ಭಾವ ನಿಜವಾಗಿಯೂ ಹಾಗೇ ಬರೆದುಕೊಂಡರು. ಆಮೇಲೆ ತಾವೂ ಇಳಿದು ಹೋಗಿ ಹುಂಡಿಗೆ ನಾಣ್ಯ ಹಾಕಿ ಬಂದರು. ಶಿರಾಡಿ ಘಾಟಿ ಇಳಿಯುವ ಡ್ರೈವರುಗಳು ಹೊರಡುವ ಮುಂಚೆ ಸ್ಟೇರಿಂಗಿಗೆ ಕೈಮುಗಿಯುವುದನ್ನು ಮೂವತ್ತೊಂದು ವರ್ಷ ನೋಡಿದವರಿಗೆ ಇದೇನೂ ಹೊಸದಲ್ಲ.

ಅಲ್ಲಿಂದ ಮುಂದೆ ರಸ್ತೆ, ರೈಲು ಹಳಿ, ಕಡಲು ಮೂರೂ ಅಕ್ಕಪಕ್ಕ ಓಡುತ್ತವೆ. ನಡುನಡುವೆ ತೆಂಗಿನ ತೋಟ. ಚನ್ನರಾಯಪಟ್ಟಣದವನಿಗೆ ತೆಂಗು ತೋರಿಸುವುದೇನು ಎಂದು ನಾನು ಕಾಲು ಚಾಚಿ ಕೂತಿದ್ದೆ. ಅಷ್ಟರಲ್ಲಿ ಒಬ್ಬ ಮನುಷ್ಯ ಆಕಾಶದಲ್ಲಿ ನಡೆದುಹೋದ. ಮರದ ನೆತ್ತಿಯಿಂದ ನೆತ್ತಿಗೆ ಜೋಡಿ ಹಗ್ಗ ಕಟ್ಟಿದ್ದಾರೆ. ಹೆಂಡ ಇಳಿಸುವವರು ಒಮ್ಮೆ ಹತ್ತಿದರೆ ನೆಲಕ್ಕೆ ಇಳಿಯದೆ ತೋಟವೆಲ್ಲ ಸುತ್ತುತ್ತಾರೆ. ನಮ್ಮೂರಿನಲ್ಲಿ ಕಾಯಿ ಕೀಳುವವರಿಗೆ ಫೋನ್ ಮಾಡಿ ಮಾಡಿ ಬೆರಳು ಸವೆದಿರುವ ನನ್ನ ನೆರೆಯವರು ಇದನ್ನು ನೋಡಬೇಕಿತ್ತು. ಅಕ್ಕ ಕಿಟಕಿಯಿಂದ ಕತ್ತು ಹೊರಹಾಕಿ, "ಉಷಾರಪ್ಪಾ, ನಿಧಾನ" ಎಂದು ಕನ್ನಡದಲ್ಲೇ ಕೂಗಿದಳು. ಮೇಲಿದ್ದವನು ಕೈ ಬೀಸಿದ.

ಬೆಂತೋಟ

ಬೆಂತೋಟದಲ್ಲಿ ಉಳಿದುಕೊಂಡಿದ್ದು ವಯಸ್ಸಾದ ದಂಪತಿ ನಡೆಸುವ ನಾಲ್ಕು ಕೋಣೆಯ ಮನೆ. ಸಂಜೆ ಅಕ್ಕ ಅಲ್ಲಿಯವರೆಗೆ ಪೂಜೆಗೆ ಏರಿಸಿದ್ದ ಪತ್ರೆಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಸಮುದ್ರಕ್ಕೆ ಬಿಟ್ಟಳು. ಅಲೆ ಅದನ್ನು ತಂದು ಅವಳ ಕಾಲ ಬುಡಕ್ಕೇ ಹಾಕಿತು. ಮತ್ತೆ ಬಿಟ್ಟಳು, ಮತ್ತೆ ತಂದಿತು. ಮೂರನೆಯ ಸಲಕ್ಕೆ ಸಮುದ್ರ ತೆಗೆದುಕೊಂಡಿತು. "ಮೊದ್ಲು ಬ್ಯಾಡ ಅಂತದೆ, ಆಮೇಲೆ ಈಸ್ಕತ್ತದೆ. ನಮ್ ನೆಂಟರಂಗೇ" ಎಂದು ಅಕ್ಕ ನಗುತ್ತಾ ಬಂದಳು. ಅವಳು ಅಷ್ಟು ಹಗುರವಾಗಿದ್ದುದನ್ನು ನಾನು ನೋಡಿದ್ದು ಕಟ್ಟಾಯದ ನಮ್ಮ ಮನೆಯಲ್ಲಿ, ಅವಳ ಮದುವೆಗೆ ಮುಂಚೆ.

ಉಳಿದ ದಿನಗಳ ಪತ್ರೆ ಒಂದು ಕವರಿನಲ್ಲಿತ್ತು. ಅಲ್ಲಿನ ಸೆಖೆಗೆ ಅದರ ಅಂಚು ಸುರುಟಿಕೊಳ್ಳುತ್ತಿದೆ ಎಂದು ನನಗೆ ಕಂಡಿತು. ಸುಧಾಳ ಮಾತು ನೆನಪಾಗಿ, ಯಾರಿಗೂ ಹೇಳದೆ ಕವರನ್ನು ಆ ಮನೆಯ ಫ್ರಿಜ್ಜಿನಲ್ಲಿ ಇಟ್ಟೆ. ಎಷ್ಟು ಜವಾಬ್ದಾರಿಯ ಮನುಷ್ಯ ನಾನು ಎಂದು ಹೆಮ್ಮೆಯೂ ಆಯಿತು.

ಬೆಳಿಗ್ಗೆ ಆರೂ ಹತ್ತಕ್ಕೆ ಭಾವ ಗಾಡಿ ಬಿಡಿಸಿದರು. ಅಹಂಗಮ ಎಂಬಲ್ಲಿ ಸಮುದ್ರದೊಳಗೆ ಕಂಬ ನೆಟ್ಟು, ಅದರ ಮೇಲೆ ಕೂತು ಗಾಳ ಹಾಕುವವರನ್ನು ಎಳೆಬಿಸಿಲಿನಲ್ಲೇ ನೋಡಬೇಕೆಂದು ಅವರ ಹಟ. ಅಕ್ಕ ಮಾಮೂಲಿನಂತೆ ಆರಕ್ಕೆ ಮಾತ್ರೆ ನುಂಗಿದ್ದಳು. ಎಂಟೂಕಾಲಿಗೆ ಅಹಂಗಮದಲ್ಲಿ ಪೂಜೆ, ಎಂಟೂವರೆಗೆ ತಿಂಡಿ ಎಂದು ಟೈಂಟೇಬಲ್ಲಿನಲ್ಲಿತ್ತು.

ಅಹಂಗಮ

ಕಂಬದ ಮೇಲೆ ಕೂತವರನ್ನು ನೋಡಿದೆವು. ನಾವು ಫೋಟೋ ತೆಗೆದು ಫೋನು ಜೇಬಿಗಿಟ್ಟ ಕೂಡಲೇ ಒಬ್ಬ ಕೆಳಗಿಳಿದು ಬೀಡಿ ಹಚ್ಚಿದ. ಆಮೇಲೆ ರಸ್ತೆಬದಿಯ ತೆಂಗಿನ ನೆರಳಿನಲ್ಲಿದ್ದ ಒಂದು ಗಂಜಿ ಅಂಗಡಿಯ ಬೆಂಚಿನ ಮೇಲೆ ಅಕ್ಕ ಮಡಿವಸ್ತ್ರ ಹಾಸಿಕೊಂಡು ಕೂತಳು. "ಪತ್ರೆ ಕವರು ಕೊಡಪ್ಪ" ಎಂದಳು.

ಫ್ರಿಜ್ಜು ನೆನಪಾದದ್ದು ಆಗ. ಚೀಲವನ್ನೆಲ್ಲ ತಡಕುವ ನಾಟಕ ಮಾಡಲೂ ಆಗಲಿಲ್ಲ. ಹೇಳಿಬಿ‌ಟ್ಟೆ.

"ಪತ್ರೆನ ಫ್ರಿಜ್ಜಿಗೆ ಯಾವನ್ಲಾ ಮಡಗ್ತಾನೆ?" ಭಾವನ ದನಿ ಮೈಕಿಲ್ಲದೆಯೇ ರಸ್ತೆಯಾಚೆ ಕೇಳಿಸಿತು.

"ಬೈಬ್ಯಾಡಿ. ಚೆನ್ನಾಗಿರ್ಲಿ ಅಂತ ಮಡಗವ್ನೆ" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ಬಿಲ್ವ ಹಳಸಲ್ಲ ಕಣೋ. ಒಣಗಿದ್ರೂ ನಡೀತದೆ. ಏರ್ಸಿದ್ದನ್ನೇ ತೊಳೆದು ಮತ್ತೆ ಏರ್ಸಬೌದು. ನನ್ನ ಒಂದ್ಮಾತು ಕೇಳಬಾರದಿತ್ತಾ?"

"ಮತ್ತೆ ಮೊನ್ನೆ, ನಿನ್ನೆ ಏರ್ಸಿದ್ದು?"

"ಎಲ್ಲಾನೂ ಸಮುದ್ರಕ್ಕೆ ಕೊಟ್ನಲ್ಲ."

ಹುರಿಹಿಟ್ಟು ತಿನ್ನಕ್ಕ, ಪೂಜೆ ಆಮೇಲೆ ಮಾಡುವೆಯಂತೆ ಎಂದೆ. ತಲೆಯಾಡಿಸಿದಳು. ಒಂದು ಚೂರು ಬೆಲ್ಲವನ್ನಾದರೂ ಬಾಯಿಗೆ ಹಾಕಿಕೋ ಎಂದೆ. ಅದಕ್ಕೂ ಇಲ್ಲ. ಭಾವ ರೇಗಿದರು, ಆಮೇಲೆ ಅಂಗಲಾಚಿದರು. ಅಕ್ಕ ರೇಗಲಿಲ್ಲ. "ಅತ್ತೆಮ್ಮಂಗೆ ಮಾತು ಕೊಟ್ಟಿವ್ನಿ. ಅವ್ರು ಈಗ ಇಲ್ಲ ಅಂತ ನಾನು ತಿನ್ನದಾ?" ಎಂದಷ್ಟೇ ಹೇಳಿದಳು. ಗಂಟೆ ಎಂಟೂವರೆ ದಾಟುತ್ತಿತ್ತು.

ಭಾವ ಎರಡು ಹೆಜ್ಜೆ ಆಚೆ ಹೋಗಿ ರಸ್ತೆಯನ್ನೇ ನೋಡುತ್ತಾ ನಿಂತರು. ಒಂದು ಬಸ್ಸು ಹಾಡು ಹಾಕಿಕೊಂಡು ಧೂಳೆಬ್ಬಿಸಿ ಹೋಯಿತು. ಬಾಗಿಲಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ "ಮಾತರ ಮಾತರ ಮಾತರ" ಎಂದು ಮುಂದಿನ ಊರಿನ ಹೆಸರು ಕೂಗುತ್ತಿದ್ದ. ಭಾವ ತಟ್ಟನೆ ತಿರುಗಿದರು.

"ನಿಮಲ್‌ಗೆ ಯೋಳು. ಆ ಮನೆಯವ್ರಿಗೆ ಫೋನ್ ಮಾಡ್ಲಿ. ಕವರ್ನ ಬಸ್ಸಿಗೆ ಕೊಡ್ಲಿ."

"ಭಾವ, ಇದು ಹೊಳೆನರಸೀಪುರ ಅಲ್ಲ."

"ಬಸ್ಸು ಬಸ್ಸೇ ಕಣ್ಲಾ. ಯೋಳು ನೀನು."

ನಮ್ಮ ಕಡೆ ಬಸ್ಸಿಗೆ ಕೊಡುವುದು ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಆಸ್ಪತ್ರೆಯಲ್ಲಿರುವವರಿಗೆ ಬುತ್ತಿ, ಮರೆತುಹೋದ ಕನ್ನಡಕ, ಪರೀಕ್ಷೆಯ ಹಾಲ್ ಟಿಕೆಟ್ಟು, ಬಾಣಂತಿಗೆ ಲೇಹ್ಯ, ಎಲ್ಲವೂ ಡ್ರೈವರಿನ ಪಕ್ಕ ಕೂತು ಪ್ರಯಾಣ ಮಾಡುತ್ತವೆ. ಅರಕಲಗೂಡಿನಿಂದ ಬಂದ ಹೋಳಿಗೆ ಡಬ್ಬಿ, ಹಾಸನದಿಂದ ನನ್ನ ಅಂಗಡಿಗೆ ಬರುವ ಬೇರಿಂಗು ಎಲ್ಲ ಭಾವನ ಮೇಜಿನ ಕೆಳಗೆ ಇಳಿದು, ಮುಂದಿನ ಬಸ್ಸು ಹತ್ತುತ್ತಿದ್ದವು. ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲವೆಂದು ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ನಿಮಲ್‌ಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಇಲ್ಲೂ ಹಾಗೇ ಕಳಿಸುತ್ತಾರೆ ಎಂದ. ಫೋನ್ ಮಾಡಿದ. ಬೆಂತೋಟದ ಮುದುಕರು ಲುಂಗಿಯಲ್ಲೇ ರಸ್ತೆಗೆ ಓಡಿ, ಮಾತರಕ್ಕೆ ಹೋಗುವ ಕೆಂಪು ಬಸ್ಸು ಹಿಡಿದು, ಕವರು ಕೊಟ್ಟು, ವಾಪಸ್ ಫೋನ್ ಮಾಡಿದರು. ಎರಡು ಗಂಟೆಯ ದಾರಿ. ಹತ್ತೂ ನಲವತ್ತಕ್ಕೆ ಬರಬೇಕೆಂದು ಭಾವ ಲೆಕ್ಕ ಹಾಕಿ, ಇನ್ನೂರು ಹೆಜ್ಜೆ ಆಚೆಯ ಬಸ್ ನಿಲ್ದಾಣದ ಕಡೆ ಪ್ಯಾಡು ಹಿಡಿದು ಹೊರಟೇಬಿಟ್ಟರು. ಬಸ್ಸು ಬೇಗ ಬಂದುಬಿಟ್ಟರೆ ಎಂಬ ಭಯ ಅವರಿಗೆ.

ಹತ್ತು ಗಂಟೆ ದಾಟುವ ಹೊತ್ತಿಗೆ ಅಕ್ಕನ ಹಣೆಯಲ್ಲಿ ಬೆವರು ಮೂಡಿತು. ಬೆರಳು ನಡುಗುತ್ತಿದ್ದವು. ಅದನ್ನು ನನಗೆ ಕಾಣಿಸದ ಹಾಗೆ ಸೆರಗಿನೊಳಗೆ ಇಟ್ಟುಕೊಂಡಳು. ನನಗೆ ಕಂಡಿತ್ತು. ಸುಧಾ ಹೇಳಿದ್ದೆಲ್ಲ ಒಂದೊಂದಾಗಿ ಎದುರಿಗೆ ಬರುತ್ತಿತ್ತು. ಇವಳಿಗೆ ಏನಾದರೂ ಆದರೆ ನಾನು ಯಾವ ಮುಖ ಹೊತ್ತು ಊರಿಗೆ ಹೋಗಲಿ ಎಂದು ಮತ್ತೆ ಮತ್ತೆ ರಸ್ತೆಯ ಕಡೆ ನೋಡತೊಡಗಿದೆ.

ಗಂಜಿ ಅಂಗಡಿಯ ಹೆಂಗಸು ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದಳು. ಅರವತ್ತು ದಾಟಿದವಳು, ಸೋಮಾವತಿ ಎಂದು ಹೆಸರು. ದೊಡ್ಡ ಬಟ್ಟಲಿನಲ್ಲಿ ಹಸಿರು ಗಂಜಿ ತಂದು, ಮೇಲೊಂದು ಬೆಲ್ಲದ ಚೂರಿಟ್ಟು, "ಅಕ್ಕಾ" ಎಂದು ನೀಡಿದಳು. ನಮ್ಮನ್ನು ಕೇಳಿ ಕಲಿತಳೇನೋ ಎಂದುಕೊಂಡೆ. ಅವರ ಭಾಷೆಯಲ್ಲೂ ಅಕ್ಕ ಅಕ್ಕನೇ ಎಂದ ನಿಮಲ್. ಅಕ್ಕ ಕೈಮುಗಿದು ಬೇಡವೆಂದಳು. ಯಾಕೆ ಎಂದು ಆಕೆ ನಿಮಲ್‌ನನ್ನು ಕೇಳಿದಳು. ಒಂದು ಎಲೆ ಬೇಕಂತೆ ದೇವರಿಗೆ, ಅದು ಬಸ್ಸಿನಲ್ಲಿ ಬರುತ್ತಿದೆ ಎಂದು ಅವನು ಹೇಳಿರಬೇಕು. ಯಾವ ಎಲೆ ಎಂದು ಆಕೆ ನನ್ನ ಕಡೆ ತಿರುಗಿದಳು. ನಾನು ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದೆ.

ಸೋಮಾವತಿ ಜೋರಾಗಿ ನಕ್ಕು, ನನ್ನ ಅಂಗಿಯ ತೋಳು ಹಿಡಿದು ಅಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಹಗ್ಗದ ಮೇಲೆ ಮೀನು ಒಣಗುತ್ತಿತ್ತು. ಅದರ ಪಕ್ಕದಲ್ಲೇ, ಮೈತುಂಬಾ ಕಾಯಿ ಬಿಟ್ಟುಕೊಂಡು, ನಮ್ಮಕ್ಕನ ಹಿತ್ತಲಿನದಕ್ಕಿಂತ ಎರಡು ಪಟ್ಟು ದೊಡ್ಡ ಬಿಲ್ವದ ಮರ ನಿಂತಿತ್ತು. ಇದರ ಹೂವು ಒಣಗಿಸಿ ಅವರು ಟೀ ಕಾಯಿಸುತ್ತಾರಂತೆ, ಈ ಸೀಮೆಯಲ್ಲೆಲ್ಲ ಇದೆಯಂತೆ. ನಾವು ಬಂದ ದಾರಿಯುದ್ದಕ್ಕೂ ಇತ್ತೇನೋ. ನಮ್ಮ ಕಣ್ಣು ಗಡಿಯಾರದ ಮೇಲಿತ್ತು. ಆಕೆ ಮರದ ಮುಂದೆ ಒಂದು ಕ್ಷಣ ಕೈಮುಗಿದು ನಿಂತು, ಒಂದು ಟೊಂಗೆ ಮುರಿದುಕೊಟ್ಟಳು.

ಅಕ್ಕ ಟೊಂಗೆಯನ್ನು ಕಣ್ಣಿಗೊತ್ತಿಕೊಂಡಳು. ಭಾವನನ್ನು ಕರೆಯಲು ನಾನು ಹೊರಟೆ. "ಬ್ಯಾಡ. ಬಸ್ ಬಿಟ್ಟು ಬರೋರಲ್ಲ ಅವ್ರು. ಮೊದ್ಲು ನೀರು ಕೊಡು" ಎಂದಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಇಟ್ಟು, ಮೂರು ಪತ್ರೆ ಏರಿಸಿ ಕಣ್ಣು ಮುಚ್ಚಿದಳು. ಕೈ ನಡುಗುತ್ತಿತ್ತು, ಲಿಂಗ ಅಲುಗಲಿಲ್ಲ. ಬೇಗನೆ ಮುಗಿಸಿದಳು. ನಾನು ಹುರಿಹಿಟ್ಟು ಕಲಸಲು ಡಬ್ಬಿ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಸೋಮಾವತಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಂಜಿ ಕುಡಿಯುತ್ತಿದ್ದಳು. ಮೀನಿನ ಒಲೆ, ಮೀನಿನ ಹಗ್ಗ ಎಲ್ಲ ಅವಳಿಗೆ ಕಾಣುವ ಹಾಗೇ ಇತ್ತು.

"ಒಂದೆಲಗದ ಸೊಪ್ಪು ಆಕವ್ಳೆ ಕಣೋ" ಎಂದಳು, "ಕಾಯಾಲು ಬೆರ್ಸವ್ಳೆ. ಚೆನ್ನಾಗದೆ. ಇನ್ನೊಂದೀಟು ಬೇಕು ಅನ್ನು."

ಅವಳ ಮುಖಕ್ಕೆ ಬಣ್ಣ ಬರುತ್ತಿದ್ದುದನ್ನು ನೋಡಿ ನನಗೆ ಅಳು ಬಂತು. ಐವತ್ತೆರಡು ವರ್ಷದ ಗಂಡಸು, ಪರದೇಶದ ರಸ್ತೆಯ ಪಕ್ಕ ಕೂತು ಅತ್ತೆ. ಸೋಮಾವತಿ ನನ್ನ ಕೈಗೂ ಒಂದು ಬಟ್ಟಲು ಕೊಟ್ಟಳು.

ಎರಡನೆಯ ಬಟ್ಟಲು ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಉದ್ದಕ್ಕೆ ಹಾರನ್ ಕೇಳಿಸಿತು. ನೋಡಿದರೆ ಕೆಂಪು ಬಸ್ಸಿನ ಮುಂದೆ, ರಸ್ತೆಯ ನಡುವೆ, ಎರಡೂ ಕೈ ಎತ್ತಿ ಭಾವ ನಿಂತಿದ್ದಾರೆ. ಹೊಳೆನರಸೀಪುರದ ಟೈಂಕೀಪರ್ ಕೈ ಎತ್ತಿದ ಮೇಲೆ ಲಂಕೆಯ ಬಸ್ಸೂ ನಿಂತಿತು. ಕಂಡಕ್ಟರ್ ಕವರು ಕೊಟ್ಟ. ಭಾವ ಅವನಿಗೆ ಸಲಾಮು ಹೊಡೆದು, ಬಸ್ಸಿಗೆ ಹೊರಡಲು ಕೈಸನ್ನೆ ಮಾಡಿ, ಓಡಿ ಬರತೊಡಗಿದರು. ನನ್ನ ಜೀವಮಾನದಲ್ಲಿ ಭಾವ ಓಡಿದ್ದನ್ನು ನೋಡಿದ್ದು ಅದೇ ಮೊದಲು. ಎರಡು ಗಂಟೆ ಬಿಸಿಲಲ್ಲಿ ನಿಂತು ಅಂಗಿ ಮೈಗಂಟಿತ್ತು.

"ಅತ್ತೂ ನಲವತ್ತೆಂಟು! ಬರೀ ಎಂಟು ನಿಮಿಷ ಲೇಟು ಕಣೇ ಗೌರಿ!"

ಪೂಜೆ ಆಯಿತು ಭಾವ ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಬಟ್ಟಲು ಅಷ್ಟರಲ್ಲಾಗಲೇ ಬೆಂಚಿನ ಕೆಳಗೆ ಹೋಗಿತ್ತು, ಲಿಂಗ ಮತ್ತೆ ಕೊರಳಿನ ಕರಡಿಗೆಯೊಳಗೆ, ಟೊಂಗೆ ಚೀಲದೊಳಗೆ.

"ತಂದ್ರಾ? ಇನ್ನೇನು ಬತ್ತೀರಿ ಅಂತ ಕಾಯ್ತಾ ಕುಂತಿದ್ದೆ" ಎಂದಳು.

ಕವರು ಈಸಿಕೊಂಡು ಮತ್ತೆ ಮೊದಲಿನಿಂದ ಪೂಜೆಗೆ ಕೂತಳು. ಸೋಮಾವತಿ ಏನೋ ಹೇಳಲು ಬಂದವಳು ನಿಮಲ್‌ನ ಮುಖ ನೋಡಿ ಒಳಗೆ ಹೋದಳು. ಭಾವ ಅಕ್ಕನ ಎದುರಿಗೆ ಮರಳಿನ ಮೇಲೇ ಚಕ್ಕಂಬಕ್ಕಲ ಹಾಕಿ ಕೂತರು. ಈ ಸಲ ಅಕ್ಕ ಆತುರ ಮಾಡಲಿಲ್ಲ. ಒಂದೊಂದು ದಳವನ್ನೂ ತೊಳೆದು, ಒರೆಸಿ, ಮೂರೂ ಎಲೆ ಸರಿಯಾಗಿವೆಯೇ ನೋಡಿ, ತಮ್ಮ ಹಿತ್ತಲಿನ ಆ ಪತ್ರೆಯನ್ನು ಏರಿಸಿದಳು. ಕಣ್ಣು ಮುಚ್ಚಿ, ಅಂಗೈ ಎತ್ತಿ ಹಿಡಿದು, ತುಟಿಯಲ್ಲೇ ಮಂತ್ರ ಹೇಳಿಕೊಂಡಳು. ಹಿಂದೆ ಸಮುದ್ರ ಸದ್ದು ಮಾಡುತ್ತಲೇ ಇತ್ತು. ಭಾವ ಅಲುಗದೆ ನೋಡಿದರು.

ಆಮೇಲೆ ವ್ಯಾನು ಹತ್ತುವಾಗ ನಾನು ಕೇಳಿದೆ, "ಎಷ್ಟು ನಿಮಿಷ ಆಯ್ತು ಭಾವ? ಬರ್ಕಂಡ್ರಾ?"

"ನೋಡ್ನಿಲ್ಲ ಕಣ್ಲಾ" ಎಂದರು.

ದಕ್ಷಿಣದ ತುದಿಯ ದೀಪಸ್ತಂಭ ತಲುಪುವ ಹೊತ್ತಿಗೆ ಕತ್ತಲಾಗಿ, ಅದನ್ನು ಮಾರನೆಯ ದಿನ ನೋಡಿದೆವು. ಉಳಿದ ದಿನಗಳ ಟೈಂಟೇಬಲ್ಲಿನಲ್ಲಿ ಪೂಜೆಯ ಮುಂದಿದ್ದ ಹದಿನೈದನ್ನು ಹೊಡೆದುಹಾಕಿ, ಮುಗಿಯೋಗಂಟ ಎಂದು ಬರೆದಿತ್ತು.

ಮತ್ತೆ ಹೊಳೆನರಸೀಪುರ

ನಾವು ಬಂದು ಮೂರು ತಿಂಗಳಾದ ಮೇಲೆ ಅಕ್ಕನ ಮನೆಯ ಬೋರ್‌ವೆಲ್ ಮೋಟಾರು ಕೆಟ್ಟಿತೆಂದು ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆ. ಭಾವ ವಾಕಿಂಗ್ ಹೋಗಿರಲಿಲ್ಲ, ಹಿತ್ತಲಿನ ಕಲ್ಲಿನ ಮೇಲೆ ಕೂತು ಪತ್ರೆ ಬಿಡಿಸುತ್ತಿದ್ದರು. ಹುಳು ತಿಂದದ್ದನ್ನು ಆಚೆ ಇಡುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ಅವತ್ತು ನಿಮ್ಮಕ್ಕ ಎಲ್ಡು ಸಲ ಪೂಜೆ ಮಾಡುದ್ಲು."

ನಾನು ಸ್ಪ್ಯಾನರ್ ಕೆಳಗಿಟ್ಟೆ. "ಅಕ್ಕ ಹೇಳಿದ್ಲಾ?"

"ಅವ್ಳು ಎಲ್ಲಿ ಯೋಳ್ತಾಳೆ. ನಾನು ಓಡಿ ಬಂದಾಗ ಅವ್ಳ ಮೇಲ್ದುಟಿ ಅಸ್ರಾಗಿತ್ತು ಕಣ್ಲಾ. ಗಂಜಿ ಮೆತ್ಕಂಡಿತ್ತು."

"ಗೊತ್ತಾಗಿಯೂ ಸುಮ್ನಿದ್ರಾ ಭಾವ? ಆ ಬಿಸಿಲಲ್ಲಿ ಎರಡು ಗಂಟೆ ನಿಂತು, ಓಡಿಕೊಂಡು ಬಂದು?"

ಭಾವ ಒಂದು ದಳವನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದರು.

"ಗೊತ್ತಾಯ್ತು ಅಂದ್ಬುಟ್ಟಿದ್ರೆ ಅವ್ಳು ಎದ್ಬುಡೋಳು. ಆಮೇಲೆ ನಾನು ಯಾವಾಗ ನೋಡ್ಲಿ?"

ಒಳಗಿನಿಂದ ಅಕ್ಕ, "ರೀ, ಪತ್ರೆ ಆಯ್ತಾ? ಕುಂತ್ಕತಾ ಇವ್ನಿ" ಎಂದು ಕೂಗಿದಳು. ಭಾವ ತಟ್ಟೆ ಎತ್ತಿಕೊಂಡು ಒಳಗೆ ಹೋದರು.